ಅಲೆನ್ ಫೀಲ್ಡ್‌ಹೌಸ್: ಗೆದ್ದ ಮೇಲೂ ಲೆಕ್ಕ ಕೇಳುವವರ ನಡುವೆ

ಕ್ಯಾನ್ಸಸ್ ಸಿಟಿ ಕಡೆಗೆ ಹೊಸದಾಗಿ ಬಂದ ನಮ್ಮವರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್ ನೋಡೋಕೆ ಅಷ್ಟು ದುಡ್ಡು ಕೊಟ್ಟು ಲಾರೆನ್ಸ್‌ಗೆ ಹೋಗಬೇಕಾ, ಟಿವಿಯಲ್ಲೇ ಬರುತ್ತಲ್ಲ ಅಂತ. ಹೋಗಲೇಬೇಕು. ಆಟ ಟಿವಿಯಲ್ಲೂ ಸಿಗುತ್ತದೆ, ನಿಜ. ಆದರೆ ಆಟ ಮುಗಿದ ಮೇಲಿನ ಅರ್ಧ ಗಂಟೆ ಟಿವಿಯಲ್ಲಿ ಸಿಗುವುದಿಲ್ಲ. ನನಗೆ ಕೊಟ್ಟ ದುಡ್ಡಿಗೆ ಮೋಸ ಆಗಲಿಲ್ಲ ಅನ್ನಿಸುವುದು ಅಲ್ಲಿಯೇ.

ಮೊದಲು ಜಾಗದ ವಿಷಯ. ಲಾರೆನ್ಸ್‌ನಲ್ಲಿರುವ ಕ್ಯಾನ್ಸಸ್ ಯೂನಿವರ್ಸಿಟಿಯ ಒಳಾಂಗಣ ಕ್ರೀಡಾಂಗಣ ಅಲೆನ್ ಫೀಲ್ಡ್‌ಹೌಸ್ ಶುರುವಾಗಿದ್ದು 1955ರಲ್ಲಿ. ಹೆಸರು ಬಂದಿದ್ದು ಫಾಗ್ ಅಲೆನ್ ಅನ್ನುವ ಕೋಚ್‌ನಿಂದ. ಅವರಿಗೆ ಗುರುವಾಗಿದ್ದವರು ಜೇಮ್ಸ್ ನೇಸ್ಮಿತ್. ಹೌದು, 1891ರಲ್ಲಿ ಈ ಆಟವನ್ನೇ ಕಂಡುಹಿಡಿದ ನೇಸ್ಮಿತ್. 1898ರಲ್ಲಿ ಅವರು ಕ್ಯಾನ್ಸಸ್ ಯೂನಿವರ್ಸಿಟಿಗೆ ಬಂದರು, ಇಲ್ಲಿಯ ತಂಡದ ಮೊದಲ ಕೋಚ್ ಆದರು. ಈ ಯೂನಿವರ್ಸಿಟಿಯ ಕೋಚ್‌ಗಳಲ್ಲಿ ಗೆದ್ದದ್ದಕ್ಕಿಂತ ಸೋತದ್ದು ಜಾಸ್ತಿ ಇರುವುದು ಅವರೊಬ್ಬರಿಗೇ, 55 ಗೆಲುವು, 60 ಸೋಲು. ಪಕ್ಕದಲ್ಲೇ ಡಿಬ್ರೂಸ್ ಸೆಂಟರ್ ಇದೆ. ಅವರು ಟೈಪ್ ಮಾಡಿಸಿದ ಆಟದ ಮೂಲ ನಿಯಮಗಳ ಹಾಳೆಗಳು ಅಲ್ಲಿವೆ. 2010ರಲ್ಲಿ ಹರಾಜಿಗೆ ಬಂದಾಗ ಡೇವಿಡ್ ಬೂತ್ ಅನ್ನುವ ಇಲ್ಲಿಯ ಹಳೆ ವಿದ್ಯಾರ್ಥಿ 43 ಲಕ್ಷ ಡಾಲರ್ ಕೊಟ್ಟು ಕೊಂಡರು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಮ್ಯಾಚ್‌ಗೆ ಸ್ವಲ್ಪ ಮುಂಚೆ ಹೋಗಿ ಅದನ್ನು ತೋರಿಸಿ. ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರಿಗೂ ಆ ಎರಡು ಹಾಳೆ ನೋಡಿ ಖುಷಿಯಾಗುತ್ತದೆ.

ಮೇಲಿನ ಸಾಲುಗಳಲ್ಲಿ ಬೆಂಚ್‌ಗೆ ಒರಗು ಇರುವುದಿಲ್ಲ, ಬೆನ್ನು ನೋವಿದ್ದವರು ಯೋಚನೆ ಮಾಡಿ. ಫೆಬ್ರವರಿಯಲ್ಲಿ ಹೊರಗೆ ಕೊರೆಯುವ ಚಳಿ, ಒಳಗೆ ಅಷ್ಟೂ ಜನರ ಬಿಸಿ, ಹಾಗಾಗಿ ದಪ್ಪ ಕೋಟಿನ ಒಳಗೆ ತೆಳು ಅಂಗಿ ಹಾಕಿಕೊಳ್ಳಿ. ಸಸ್ಯಾಹಾರಿಗಳು ಮನೆಯಲ್ಲೇ ಊಟ ಮಾಡಿ ಹೊರಡಿ, ಪಾಪ್‌ಕಾರ್ನ್ ಪ್ರೆಟ್ಜೆಲ್ ನಂಬಿಕೊಂಡು ಹೋಗಬೇಡಿ. ಟಿಕೆಟ್ ಮರುಮಾರಾಟದ ಒಂದು ಆ್ಯಪ್ ನನಗೆ ಮೊದಲು ಒಂದು ಬೆಲೆ ತೋರಿಸಿ, ಕೊನೇ ಪುಟದಲ್ಲಿ ಅದರ ಮೇಲೆ ಇನ್ನಷ್ಟು ಶುಲ್ಕ ಹೇರಿತ್ತು. ಅದಕ್ಕೇ ಎಲ್ಲಿ ಕೊಂಡರೂ ಪೂರ್ತಿ ಮೊತ್ತ ನೋಡಿದ ಮೇಲೆ ಒತ್ತಿ.

ಸದ್ದಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಎದುರು ತಂಡದ ಹೆಸರು ಕೂಗುವಾಗ ವಿದ್ಯಾರ್ಥಿಗಳು ಪೇಪರ್ ಬಿಡಿಸಿ ಮುಖಕ್ಕೆ ಹಿಡಿದು ಓದುವ ಹಾಗೆ ನಿಲ್ಲುತ್ತಾರೆ. ನಮ್ಮ ತಂಡ ಬಂದ ತಕ್ಷಣ ಆ ಪೇಪರೆಲ್ಲ ಚೂರು ಚೂರಾಗಿ ಗಾಳಿಗೆ ಹಾರುತ್ತದೆ. ಆಟಕ್ಕೆ ಮುಂಚೆ "ರಾಕ್ ಚಾಕ್, ಜೇಹಾಕ್" (ಜೇಹಾಕ್ ಅಂದರೆ ಇಲ್ಲಿಯ ತಂಡದ ಹೆಸರು) ಅಂತ ನಿಧಾನವಾಗಿ ಎಳೆದು ಹಾಡುತ್ತಾರಲ್ಲ, ಅದನ್ನು ಮೊದಲ ಸಲ ಕೇಳಿದವರಿಗೆ ಮೈ ಜುಮ್ಮೆನ್ನದೆ ಇರದು. ಗೆಲುವು ಖಾತ್ರಿಯಾದ ಮೇಲೆ ಕೊನೆಯಲ್ಲಿ ಮತ್ತೊಮ್ಮೆ ಅದೇ ಹಾಡು.

ಈಗ ನಾನು ಹೇಳಬೇಕಂದುಕೊಂಡ ವಿಷಯ. 2017ರ ಫೆಬ್ರವರಿ 13, ಸೋಮವಾರ, ವೆಸ್ಟ್ ವರ್ಜೀನಿಯಾ ಜೊತೆ ಪಂದ್ಯ. ಈ ಜಾಗದ ಬಗ್ಗೆ ಯಾರು ಕೇಳಿದರೂ ನಾನು ಆ ರಾತ್ರಿಯನ್ನೇ ಹೇಳುವುದು. ಆಗ ಕ್ಯಾನ್ಸಸ್ ದೇಶದಲ್ಲಿ 3ನೇ ಸ್ಥಾನ, ವೆಸ್ಟ್ ವರ್ಜೀನಿಯಾ 9ನೇ ಸ್ಥಾನ. ಜನವರಿಯಲ್ಲಿ ಅವರ ಊರಲ್ಲಿ ನಾವು 85-69ರಿಂದ ಸರಿಯಾಗಿ ಒದೆ ತಿಂದಿದ್ದೆವು. ಕೋಚ್ ಬಾಬ್ ಹಗಿನ್ಸ್ ಅವರ ಆ ತಂಡ ಕೋರ್ಟ್‌ನ ಉದ್ದಕ್ಕೂ ಪ್ರೆಸ್ ಹಾಕುತ್ತಿತ್ತು, ಅಂದರೆ ಎದುರಾಳಿಗಳಿಗೆ ಎಲ್ಲೆಡೆ ಅಂಟಿಕೊಂಡು ಕಾಯುತ್ತಿತ್ತು, ಚೆಂಡು ಒಳಗೆ ಎಸೆಯುವುದಕ್ಕೂ ಬಿಡುತ್ತಿರಲಿಲ್ಲ. ಅವತ್ತೂ ಹಾಗೇ ಆಯಿತು. ಮೂರು ನಿಮಿಷಕ್ಕಿಂತ ಕಡಿಮೆ ಸಮಯ ಉಳಿದಿದೆ, ನಾವು 14 ಪಾಯಿಂಟ್ ಹಿಂದೆ. ನನ್ನ ಸುತ್ತ ಕೆಲವರು ಕೋಟು ಹಾಕಿಕೊಂಡು ಎದ್ದರು, ಟ್ರಾಫಿಕ್ ತಪ್ಪಿಸೋಣ ಅಂತ.

ಆಮೇಲೆ ಏನಾಯಿತು ಅಂತ ಬ್ಯಾಸ್ಕೆಟ್‌ಬಾಲ್ ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರಿಗೆ ಇದು ಹೇಗೆ ಸಾಧ್ಯ ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಅದನ್ನು ಅದೃಷ್ಟ ಅಂದುಬಿಡುತ್ತಾರೆ. ಕಾಲೇಜು ಹುಡುಗರ ಆಟದಲ್ಲಿ 20 ನಿಮಿಷದ ಎರಡು ಅರ್ಧ. ಬುಟ್ಟಿಗೆ ಎಸೆಯಲು 30 ಸೆಕೆಂಡ್ ಇರುತ್ತದೆ, ಚೆಂಡನ್ನು ಅರ್ಧ ಗೆರೆ ದಾಟಿಸಲು 10 ಸೆಕೆಂಡ್ ಮಾತ್ರ. ಮುಂದಿರುವ ತಂಡ ಸುಮ್ನೆ ಸಮಯ ಕಳೆದರೆ ಸಾಕು. ಆದರೆ ಫೌಲ್ ಆದಾಗ ಗಡಿಯಾರ ನಿಲ್ಲುತ್ತದೆ, ಚೆಂಡು ಹೊರಗೆ ಹೋದಾಗ ನಿಲ್ಲುತ್ತದೆ, ಕೊನೆಯ ನಿಮಿಷದಲ್ಲಿ ಬುಟ್ಟಿಗೆ ಬಿದ್ದಾಗಲೂ ನಿಲ್ಲುತ್ತದೆ. ಹಾಗಾಗಿ ಹಿಂದಿರುವ ತಂಡ ಚೆಂಡು ಕಸಿದುಕೊಳ್ಳುತ್ತಾ, ಬೇಗ ಪಾಯಿಂಟ್ ಮಾಡುತ್ತಾ, ಫೌಲ್‌ಗೆ ಸಿಗುವ ಫ್ರೀ ಥ್ರೋ ತಪ್ಪಿಸದೆ ಹಾಕುತ್ತಾ ಹೋದರೆ ಮೂರು ನಿಮಿಷವನ್ನು ಹತ್ತು ನಿಮಿಷದಷ್ಟು ಹಿಗ್ಗಿಸಬಹುದು. ಅವತ್ತು ನಮ್ಮ ಕೋಚ್ ಬಿಲ್ ಸೆಲ್ಫ್ ಮಾಡಿಸಿದ್ದು ಅದೇ. ಪ್ರೆಸ್‌ಗೆ ಹೆಸರಾದ ತಂಡದ ಮೇಲೆಯೇ ಪ್ರೆಸ್ ಹಾಕಿಸಿದರು! ಎದುರಾಳಿಗಳು ತಡಬಡಾಯಿಸಿದರು, ಚೆಂಡು ಕೈ ತಪ್ಪಿತು. ಫ್ರ್ಯಾಂಕ್ ಮೇಸನ್, ಡೆವಾಂಟೆ ಗ್ರಹಾಂ ಇಬ್ಬರೂ ಸೇರಿ ಆ 14ನ್ನು ಕರಗಿಸಿದರು. ಪಂದ್ಯ ಓವರ್‌ಟೈಮ್‌ಗೆ ಹೋಯಿತು. 84-80, ನಾವು ಗೆದ್ದೆವು. ಮೇಸನ್ 24 ಪಾಯಿಂಟ್. ಅದೇ ರಾತ್ರಿ ಇಲ್ಲಿಯ ಜನರ ಕೂಗು 130.4 ಡೆಸಿಬಲ್ ಮುಟ್ಟಿತು, ಒಳಾಂಗಣ ಕ್ರೀಡಾಂಗಣದಲ್ಲಿ ಅತಿ ದೊಡ್ಡ ಕೂಗು ಅಂತ ಗಿನ್ನೆಸ್ ದಾಖಲೆಗೂ ಸೇರಿತು.

ಇಷ್ಟಾದ ಮೇಲೆ ಜನ ಕುಣಿದು ಮನೆಗೆ ಹೋಗುತ್ತಾರೆ ಅಂದುಕೊಳ್ಳುತ್ತೀರಿ ಅಲ್ವಾ? ಕುಣಿದರು, ಖಂಡಿತ. ಆದರೆ ಮೆಟ್ಟಿಲು ಇಳಿಯುವಷ್ಟರಲ್ಲಿ ವಾದ ಶುರು. ಮದುವೆ ಊಟ ಗಡದ್ದಾಗಿ ಮುಗಿಸಿ, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುತ್ತಲೇ ಸಾರಿಗೆ ಉಪ್ಪು ಕಡಿಮೆಯಿತ್ತು ಅಂತ ಶುರುಮಾಡುವ ನಮ್ಮ ನೆಂಟರ ಹಾಗೆಯೇ ಇವರು. ನನ್ನ ಮುಂದೆ ನಡೆಯುತ್ತಿದ್ದ ವಯಸ್ಸಾದ ಒಬ್ಬರು, ಮೈಮೇಲೆ ಹಳೇ ನೀಲಿ ಸ್ವೆಟರ್, ಪಕ್ಕದವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು: ಕೊನೇ ಮೂರು ನಿಮಿಷ ಸರಿ, ಮೊದಲ 37 ನಿಮಿಷದ ಲೆಕ್ಕ ಯಾರು ಕೊಡುತ್ತಾರೆ? ಒಬ್ಬ ವಿದ್ಯಾರ್ಥಿ ತಿರುಗಿ, ಗೆದ್ದೆವಲ್ಲ, ಇನ್ನೇನು ಬೇಕು ಅಂದ. ಅವರು ಬಿಡಲಿಲ್ಲ. ಅವನೂ ಬಿಡಲಿಲ್ಲ. ಪಾರ್ಕಿಂಗ್‌ವರೆಗೂ ಮಾತು ಹೋಯಿತು, ಗೊತ್ತೇ ಇಲ್ಲದವರು ಐದಾರು ಜನ ಸೇರಿಕೊಂಡರು, ಆ ಚಳಿಯಲ್ಲಿ.

ಈ ವಾದಕ್ಕೆ ಕಾರಣ ಇತ್ತು. ಆ ಹತ್ತು ದಿನ ತಂಡ ಆಡಿದ್ದೇ ಹಾಗೆ. ಫೆಬ್ರವರಿ 4ರಂದು ಅಯೋವಾ ಸ್ಟೇಟ್ ಇದೇ ಅಲೆನ್‌ನಲ್ಲಿ ಬಂದು ಓವರ್‌ಟೈಮ್‌ನಲ್ಲಿ 92-89ರಿಂದ ಸೋಲಿಸಿ ಹೋಗಿತ್ತು. ಇಲ್ಲಿ ಸತತ 51 ಪಂದ್ಯ ಗೆದ್ದಿದ್ದ ಸರಪಳಿ ಅಲ್ಲಿಗೆ ಮುರಿಯಿತು. ಎರಡು ದಿನ ಬಿಟ್ಟು ಇದೇ ರಾಜ್ಯದ ಎದುರಾಳಿ ಕ್ಯಾನ್ಸಸ್ ಸ್ಟೇಟ್ ಮೇಲೆ 74-71ರ ಗೆಲುವು. ಟೆಕ್ಸಸ್ ಟೆಕ್ ಮೇಲೆ 80-79, ಒಂದೇ ಪಾಯಿಂಟ್. ಅದಾದ ಎರಡು ದಿನಕ್ಕೆ ಈ ಪಂದ್ಯ. ಗೆದ್ದ ಪ್ರತಿ ಸಲವೂ ಕತ್ತಿನವರೆಗೆ ನೀರು ಬಂದ ಮೇಲೆಯೇ ದಡ ಸೇರುತ್ತಿದ್ದರು.

ಇದರಲ್ಲಿ ಎರಡು ಪಕ್ಷ. ಒಂದು ಪಕ್ಷದ ಮಾತು: ಕಷ್ಟದ ಪಂದ್ಯ ಗೆಲ್ಲುವುದೇ ಒಂದು ಕಲೆ, ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಮಾರ್ಚ್ ಟೂರ್ನಮೆಂಟ್‌ನಲ್ಲಿ ಬೇಕಾಗುವುದು ಅದೇ, ಹತ್ತಿರದ ಪಂದ್ಯ ಗೆದ್ದು ಅಭ್ಯಾಸವಿರುವ ಹುಡುಗರು ಹೆದರುವುದಿಲ್ಲ. ಇನ್ನೊಂದು ಪಕ್ಷ: ಇದು ಗಟ್ಟಿತನ ಅಲ್ಲ, ತಂಡದಲ್ಲಿ ತೂತು ಇದೆ, ಮೇಸನ್ ಒಬ್ಬನೇ ಅದನ್ನು ಮುಚ್ಚುತ್ತಿದ್ದಾನೆ, ಒಂದು ದಿನ ಅವನ ಕೈಯಲ್ಲೂ ಆಗುವುದಿಲ್ಲ.

ನಾನು ಎರಡನೇ ಪಕ್ಷ. ಅವತ್ತೂ ಅದೇ, ಇವತ್ತೂ ಅದೇ. ಆ ವರ್ಷ ಉಡೋಕಾ ಅಜುಬುಕೆ ಅನ್ನುವ ಎತ್ತರದ ಹುಡುಗ ಡಿಸೆಂಬರ್‌ನಲ್ಲೇ ಮಣಿಕಟ್ಟಿನ ಗಾಯದಿಂದ ಹೊರಗೆ ಹೋದ. ಉಳಿದದ್ದು ನಾಲ್ಕು ಗಾರ್ಡ್ (ಬುಟ್ಟಿಯಿಂದ ದೂರದಲ್ಲಿ ಆಡುವವರು) ಲೆಕ್ಕದ ತಂಡ. ಮೇಸನ್, ಗ್ರಹಾಂ, ಸ್ವಿ ಮಿಖೈಲ್ಯುಕ್, ಜೋಶ್ ಜಾಕ್ಸನ್, ಒಳಗೆ ಲ್ಯಾಂಡೆನ್ ಲೂಕಸ್ ಒಬ್ಬನೇ. ನೋಡೋಕೆ ಬಹಳ ಚಂದದ ಆಟ, ವೇಗ ಅಂದರೆ ವೇಗ. ಆದರೆ ಲೂಕಸ್ ಎರಡು ಫೌಲ್ ಬಿದ್ದು ಬೆಂಚ್‌ಗೆ ಬಂದರೆ ಒಳಗೆ ಕಾಯುವವರು ಇಲ್ಲ. ಬೆಂಚ್‌ನಿಂದ ಬರುವವರೂ ಬೆರಳೆಣಿಕೆ. ಹೊರಗಿನಿಂದ ಎಸೆದ ತ್ರೀ (ಮೂರು ಪಾಯಿಂಟ್‌ನ ಶಾಟ್) ಬೀಳದ ದಿನ ಏನು ಮಾಡುವುದು ಅಂತ ಆ ನೀಲಿ ಸ್ವೆಟರ್‌ನವರು ಕೇಳಿದ್ದು ಸರಿಯಾದ ಪ್ರಶ್ನೆ.

ಮಾರ್ಚ್ 25ರಂದು ಅದೇ ಆಯಿತು. ಕ್ಯಾನ್ಸಸ್ ಸಿಟಿಯಲ್ಲೇ, ಮನೆಯ ಅಂಗಳ ಅನ್ನಬಹುದಾದ ಸ್ಪ್ರಿಂಟ್ ಸೆಂಟರ್‌ನಲ್ಲಿ, ಕೊನೆಯ ನಾಲ್ಕು ತಂಡಗಳ ಹಂತವಾದ ಫೈನಲ್ ಫೋರ್‌ಗೆ ಒಂದೇ ಹೆಜ್ಜೆ ಇರುವಾಗ ಒರೆಗಾನ್ 74-60ರಿಂದ ನಮ್ಮನ್ನು ಮನೆಗೆ ಕಳಿಸಿತು. ಜಾಕ್ಸನ್‌ಗೆ ಶುರುವಿನಲ್ಲೇ ಎರಡು ಫೌಲ್. 25 ತ್ರೀ ಎಸೆದು ಬಿದ್ದದ್ದು 5. ಒರೆಗಾನ್‌ನ ಜೋರ್ಡನ್ ಬೆಲ್ ಒಬ್ಬನೇ 8 ಶಾಟ್ ಬ್ಲಾಕ್ ಮಾಡಿದ. ಫೆಬ್ರವರಿಯಲ್ಲಿ ಗೆದ್ದ ದಿನ ತೋರಿಸಿದ್ದ ತೂತಿನಿಂದಲೇ ನೀರು ಒಳಗೆ ನುಗ್ಗಿತು.

ಹಾಗಂತ ಗೊಣಗುವವರ ಎಲ್ಲ ಮಾತೂ ನನಗೆ ಒಪ್ಪಿಗೆಯಿಲ್ಲ. ಸೆಲ್ಫ್ ಅವರಿಗೆ ತಂಡ ನಡೆಸಲು ಬರುವುದಿಲ್ಲ ಅಂತ ಆಗ ಕೆಲವರು ಹೇಳುತ್ತಿದ್ದರು. ಅದು ತಪ್ಪು. ಇದ್ದ ಏಳು ಜನರನ್ನು ಇಟ್ಟುಕೊಂಡು ಸತತ 13ನೇ ಸಲ ಬಿಗ್ 12 ಲೀಗ್ ಗೆಲ್ಲಿಸಿದ ಮನುಷ್ಯ ಅವರು. ದೊಡ್ಡ ಹುಡುಗ ಇಲ್ಲ ಅಂದ ತಕ್ಷಣ ಆಟದ ರೀತಿಯನ್ನೇ ಬದಲಾಯಿಸಿದ್ದು ದೊಡ್ಡ ಕೆಲಸ. ಹಠ ಇದ್ದ ಕೋಚ್ ಆಗಿದ್ದರೆ ಹಳೇ ರೀತಿಯಲ್ಲೇ ಆಡಿಸಿ ಜನವರಿಯಲ್ಲೇ ಮುಳುಗಿಸುತ್ತಿದ್ದ. ಆ ಆಟಗಾರರ ಬಗ್ಗೆ, ಅದರಲ್ಲೂ ಮೇಸನ್ ಬಗ್ಗೆ, ಒಂದು ಕಹಿ ಮಾತು ಆಡಿದರೂ ನನಗೆ ಸಿಟ್ಟು ಬರುತ್ತದೆ. ಇಡೀ ದೇಶದ ಶ್ರೇಷ್ಠ ಆಟಗಾರ ಅನ್ನುವ ಪ್ರಶಸ್ತಿ ಆ ವರ್ಷ ಅವನಿಗೆ ಬಂತು. ಸರಿಯಾಗೇ ಬಂತು.

ಇಲ್ಲಿ ನನಗೆ ಇಷ್ಟವಾಗುವುದು ವಾದದ ಮಟ್ಟ. ಬೆಂಗಳೂರಿನಲ್ಲಿ ಮಲ್ಲೇಶ್ವರದ ಬೀಗಲ್ಸ್ ಕೋರ್ಟ್‌ನ ಬೇಲಿ ಹಿಡಿದು ನಿಂತು ಆಟ ನೋಡಿದವರಿಗೆ ಇದು ಗೊತ್ತಿರುತ್ತದೆ, ಅಲ್ಲೂ ಆಟ ಬಲ್ಲವರೇ ಸುತ್ತ ಇರುತ್ತಾರೆ. ಅಲೆನ್‌ನಲ್ಲಿ ಅಂಥವರು ಸಾವಿರಗಟ್ಟಲೆ. ಪಕ್ಕದಲ್ಲಿ ಕುಳಿತ ಅಜ್ಜಿ ಪಿಕ್ ಅಂಡ್ ರೋಲ್ ಅನ್ನುವ ಇಬ್ಬರು ಆಟಗಾರರ ತಂತ್ರದಲ್ಲಿ ಯಾರು ತಡವಾಗಿ ತಿರುಗಿದರು ಅಂತ ಹೇಳುತ್ತಾರೆ. ಆಟ ಸ್ಲೋ ಮೋಷನ್‌ನಲ್ಲಿ ತೋರಿಸುವ ಮುಂಚೆಯೇ! ಯಾರೂ ಬೈಯುವುದಿಲ್ಲ ಅಂತಲ್ಲ, ಬೈಯುತ್ತಾರೆ. ಆದರೆ ಬೈಗುಳದ ಹಿಂದೆ ಕಾರಣ ಇರುತ್ತದೆ. ಯಾರೋ ಒಬ್ಬರು ಸುಮ್ನೆ ಆಟಗಾರನ ಮೇಲೆ ಹರಿಹಾಯ್ದರೆ ಸುತ್ತ ಇದ್ದವರೇ ಅವರನ್ನು ಕೂರಿಸುತ್ತಾರೆ.

2022ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದ ಮಾರ್ಚ್ ಟೂರ್ನಮೆಂಟ್‌ನ ಫೈನಲ್‌ನಲ್ಲಿ ಕ್ಯಾನ್ಸಸ್ ನಾರ್ತ್ ಕ್ಯಾರೊಲಿನಾ ಎದುರು ಒಂದು ಹಂತದಲ್ಲಿ 16 ಪಾಯಿಂಟ್ ಹಿಂದಿತ್ತು, ಅರ್ಧ ಆಟಕ್ಕೆ 40-25, ಹದಿನೈದು ಪಾಯಿಂಟ್ ಹಿಂದೆ. ಅಲ್ಲಿಂದ 72-69ಕ್ಕೆ ಗೆದ್ದರು. ಫೈನಲ್ ಪಂದ್ಯಗಳ ಇತಿಹಾಸದಲ್ಲೇ 16 ಪಾಯಿಂಟ್ ಹಿಂದೆ ಬಿದ್ದು ಗೆದ್ದವರು ಬೇರೆ ಇಲ್ಲ. ಲಾರೆನ್ಸ್‌ನ ಮ್ಯಾಸಚೂಸೆಟ್ಸ್ ಸ್ಟ್ರೀಟ್ ತುಂಬ ಜನ ಹರಿದರು. ಆ ಸಂಭ್ರಮದ ಮಧ್ಯದಲ್ಲೂ ನನ್ನ ಆಫೀಸಿನ ಗೆಳೆಯನೊಬ್ಬ, ಮೊದಲ ಅರ್ಧದಲ್ಲಿ ರೀಬೌಂಡ್ (ಬುಟ್ಟಿಗೆ ಬೀಳದೆ ವಾಪಸ್ ಬಂದ ಚೆಂಡು) ಯಾಕೆ ಬಿಟ್ಟುಕೊಟ್ಟರು ಅಂತ ಶುರುಮಾಡಿದ. ಚಾಂಪಿಯನ್ ಆದ ರಾತ್ರಿ! ನಾನು ಅವನ ಜೊತೆ ಅದನ್ನು ಬಹಳ ಹೊತ್ತು ಮಾತಾಡಿದೆ, ಯಾಕೆಂದರೆ ಅವನು ಹೇಳಿದ್ದರಲ್ಲಿ ಹುರುಳಿತ್ತು. ದ್ವಿತೀಯಾರ್ಧದಲ್ಲಿ ಡೇವಿಡ್ ಮೆಕಾರ್ಮಕ್ ಒಳಗೆ ಗಟ್ಟಿಯಾಗಿ ನಿಂತ ಮೇಲೆಯೇ ಆಟ ತಿರುಗಿದ್ದು. 2017ರ ತಂಡಕ್ಕೆ ಇಲ್ಲದೇ ಹೋದದ್ದು ಅಂಥ ಒಬ್ಬ.

ಯಾವ ಪಂದ್ಯಕ್ಕೆ ಹೋಗಬೇಕು ಅಂದರೆ, ದುಡ್ಡು ಉಳಿಸಬೇಕಿದ್ದರೆ ನವೆಂಬರ್, ಡಿಸೆಂಬರ್‌ನಲ್ಲಿ ಸಣ್ಣ ತಂಡಗಳ ಜೊತೆ ಆಡುವ ಪಂದ್ಯಗಳಿವೆ, ಮಕ್ಕಳನ್ನು ಕರೆದುಕೊಂಡು ಹೋಗಲು ಅವೇ ಸರಿ. ಚಳಿಗಾಲದ ರಜೆಯಲ್ಲಿ ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ, ಆಗ ಸದ್ದು ಕಡಿಮೆ, ಅದೂ ಗೊತ್ತಿರಲಿ. ನಿಜವಾದ ಅನುಭವ ಬೇಕಿದ್ದರೆ ಜನವರಿ, ಫೆಬ್ರವರಿಯ ಬಿಗ್ 12 ಪಂದ್ಯ. ಕ್ಯಾನ್ಸಸ್ ಸ್ಟೇಟ್ ಬರುವ ದಿನ ಸಿಕ್ಕರೆ ಬಿಡಬೇಡಿ, ಟಿಕೆಟ್ ದುಬಾರಿ ಆದರೂ. ಒಂದೇ ಒಂದು ಮಾತು: ಎಷ್ಟೇ ಹಿಂದಿದ್ದರೂ ಮೂರು ನಿಮಿಷ ಇರುವಾಗ ಎದ್ದು ಬರಬೇಡಿ, ಗೆದ್ದ ಮೇಲೂ ತಕ್ಷಣ ಕಾರಿಗೆ ಓಡಬೇಡಿ. ಹೇಗೂ ಪಾರ್ಕಿಂಗ್‌ನಿಂದ ಹೊರಗೆ ಬರಲು ಹೊತ್ತಾಗುತ್ತದೆ. ಅಷ್ಟರಲ್ಲಿ ಪಕ್ಕದವರನ್ನು ಮೊದಲ ಅರ್ಧ ಹೇಗಿತ್ತು ಅಂತ ಕೇಳಿ ನೋಡಿ.