ಕಾರು ತೊಳೆಯೋಕೆ, ಅಂಗಳ ನೋಡಿಕೊಳ್ಳೋಕೆ ಯಾರನ್ನ ಇಟ್ಟುಕೊಳ್ಳೋದು? ನಾಲ್ಕು ಥರ ಮಾಡಿ ನೋಡಿದೆವು

ಕಲಬುರಗಿ ರಿಂಗ್ ರೋಡ್‌ನಲ್ಲಿ ನಾನು ಮತ್ತು ನನ್ನ ತಮ್ಮ ಹಳೆ ಕಾರು ಮಾರುವ ವ್ಯಾಪಾರ ಮಾಡುತ್ತೇವೆ. ಅಂಗಳದಲ್ಲಿ ಯಾವಾಗಲೂ 18ರಿಂದ 22 ಗಾಡಿ ನಿಂತಿರುತ್ತವೆ. ಕೆಲವು ಹತ್ತು ದಿನದಲ್ಲಿ ಹೋಗುತ್ತವೆ, ಕೆಲವು ಮೂರು ತಿಂಗಳಾದರೂ ಅಲ್ಲೇ ಇರುತ್ತವೆ. ಬಂದ ಗಿರಾಕಿ ಮೊದಲು ಇಂಜಿನ್ ನೋಡುವುದಿಲ್ಲ. ಬಾನೆಟ್ ಮೇಲೆ ಬೆರಳು ಎಳೆಯುತ್ತಾರೆ. ಬೆರಳಿಗೆ ಧೂಳು ಹತ್ತಿತು ಅಂದ್ರೆ, ಮಾತು ಶುರು ಆಗುವ ಮೊದಲೇ ರೇಟು ಇಳಿಯುತ್ತದೆ.

ಅದಕ್ಕೇ ಗಾಡಿ ತೊಳೆಯುವ ಮನುಷ್ಯ ನಮ್ಮ ವ್ಯಾಪಾರದಲ್ಲಿ ಚಿಕ್ಕ ಕೆಲಸದವನಲ್ಲ. ಇದು ನಮಗೆ ಅರ್ಥ ಆಗೋಕೆ ಮೂರು ವರ್ಷ ಬೇಕಾಯಿತು. ದಿನಗೂಲಿ, ಗಾಡಿ ಲೆಕ್ಕ, ಏಜೆನ್ಸಿ, ತಿಂಗಳ ಪಗಾರ, ಹೀಗೆ ನಾಲ್ಕೂ ಥರ ಮಾಡಿ ನೋಡಿದ್ದೇವೆ. ಮೊನ್ನೆ ಹುಮನಾಬಾದ್ ರೋಡ್‌ನಲ್ಲಿ ಹೊಸದಾಗಿ ಅಂಗಡಿ ಹಾಕಿದ ಒಬ್ಬರು ಇದನ್ನೇ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಲಸ ಅಂದ್ರೆ ಬರೀ ತೊಳೆಯೋದಲ್ಲ

ನಮ್ಮ ಕಡೆ ಬಿಸಿಲು ಎಂಥದ್ದು ಅಂತ ಗೊತ್ತೇ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಇಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಹತ್ತು ಗಂಟೆಯ ಮೇಲೆ ಗಾಡಿಗೆ ನೀರು ಹಾಕಿದರೆ ಒರೆಸುವ ಮೊದಲೇ ಒಣಗುತ್ತದೆ. ಒಣಗಿದ ಜಾಗದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೇ ಈ ನೆಲದ ಸುಣ್ಣದ ಕಲ್ಲಿಗಾಗಿ. ನಮ್ಮ ಬೋರ್‌ವೆಲ್ ನೀರೂ ಹಾಗೇ ಗಡಸು. ಕಪ್ಪು ಗಾಡಿಯ ಮೇಲೆ ಆ ಚುಕ್ಕೆ ಒಂದು ಸಲ ಕೂತರೆ ಪಾಲಿಷ್ ಮಾಡಿಸದೆ ಹೋಗುವುದಿಲ್ಲ. ಹಾಗಾಗಿ ತೊಳೆಯುವುದೆಲ್ಲ ಬೆಳಿಗ್ಗೆ ಆರರಿಂದ ಒಂಬತ್ತರ ಒಳಗೆ ಮುಗಿಯಬೇಕು.

ಇದು ಅರ್ಧ ಕೆಲಸ. ಇನ್ನರ್ಧ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಂತ ಗಾಡಿಯ ಬ್ಯಾಟರಿ ಇಳಿಯುತ್ತದೆ, ವಾರಕ್ಕೆ ಒಂದು ಸಲ ಹದಿನೈದು ಇಪ್ಪತ್ತು ನಿಮಿಷ ಸ್ಟಾರ್ಟ್ ಮಾಡಿ ಇಡಬೇಕು. ಟೈರಿನ ಗಾಳಿ ನೋಡಬೇಕು. ಒಂದೇ ಜಾಗದಲ್ಲಿ ನಿಂತು ಟೈರ್ ಚಪ್ಪಟೆ ಆಗದಂತೆ ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಸರಿಸಬೇಕು. ತೊಳೆದ ತಕ್ಷಣ ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಒದ್ದೆ ಬ್ರೇಕ್ ಹಾಗೇ ಹಿಡಿದುಕೊಳ್ಳುತ್ತದೆ, ಅದರ ಬದಲು ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಬೇಕು. ಇಲಿ ವೈರ್ ಕಡಿದಿದೆಯಾ ಅಂತ ಬಾನೆಟ್ ಎತ್ತಿ ನೋಡಬೇಕು. ಕೀಲಿಕೈ ತನ್ನ ಮೊಳೆಗೇ ಹೋಗಬೇಕು. ನಮ್ಮ ಅಂಗಳದಲ್ಲಿ ಎರಡು ಬೇವಿನ ಮರ ಇವೆ. ನೆರಳು ಚೆನ್ನ, ಆದರೆ ಹಕ್ಕಿ ಹಿಕ್ಕೆ ಅವತ್ತೇ ತೆಗೆಯದಿದ್ದರೆ ಬಣ್ಣವನ್ನೇ ತಿನ್ನುತ್ತದೆ.

ಇಷ್ಟನ್ನೂ ಮನಸ್ಸಲ್ಲಿಟ್ಟುಕೊಂಡು ಮುಂದಿನದು ಓದಿ. ಯಾಕಂದ್ರೆ ದುಡ್ಡು ಯಾವುದಕ್ಕೆ ಕೊಡುತ್ತೀರೋ ಆ ಕೆಲಸ ಮಾತ್ರ ಆಗುತ್ತದೆ.

ದಿನಗೂಲಿ

ಮೊದಲ ವರ್ಷ ಕೂಲಿಯವರು ನಿಲ್ಲುವ ನಾಕಾಕ್ಕೆ ಬೆಳಿಗ್ಗೆ ಹೋಗಿ ಒಬ್ಬರನ್ನು ಕರೆದುಕೊಂಡು ಬರುತ್ತಿದ್ದೆವು. ದಿನಕ್ಕೆ 600 ರೂಪಾಯಿ. 26 ದಿನಕ್ಕೆ 15,600. ಬೇಡ ಅನ್ನಿಸಿದ ದಿನ ಕರೆಯಲಿಲ್ಲ, ಆ ಅನುಕೂಲ ಇತ್ತು.

ಆದರೆ ದಿನಾ ಹೊಸ ಮುಖ. ಅವರೆಲ್ಲ ಕಟ್ಟಡ ಕೆಲಸದಲ್ಲಿ ಪಳಗಿದವರು, ಸಿಮೆಂಟ್ ಬುಟ್ಟಿ ಹೊರುವ ಕೈ. ಗಾಡಿಯ ಬಣ್ಣ ಎಷ್ಟು ನಾಜೂಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವೂ ಹೇಳಲಿಲ್ಲ. ಒಂದು ದಿನ ನಾನು ಆರ್‌ಟಿಓ ಕೆಲಸಕ್ಕೆ ಹೋಗಿದ್ದೆ. ಅವತ್ತು ಕೆಲಸಕ್ಕೆ ಬಂದವರು ಕಪ್ಪು ಸೆಡಾನ್ ಒಂದನ್ನು ನೀರು ಹಾಕದೆ ಒಣ ಅರಿವೆಯಿಂದಲೇ ಒರೆಸಿಬಿಟ್ಟಿದ್ದರು. ಬಿಸಿಲಲ್ಲಿ ಏನೂ ಕಾಣಲಿಲ್ಲ. ಸಂಜೆ ಟ್ಯೂಬ್‌ಲೈಟ್ ಹಾಕಿದಾಗ ನೋಡಿದೆ, ಬಾನೆಟ್ ತುಂಬ ಜೇಡರ ಬಲೆಯಂಥ ಸಣ್ಣ ಗೆರೆಗಳು. ರಿಂಗ್ ರೋಡ್ ಧೂಳೆಂದರೆ ಸಣ್ಣ ಮರಳು. ಅದರ ಮೇಲೆ ಅರಿವೆ ತಿಕ್ಕಿದರೆ ಮರಳುಕಾಗದದಿಂದ ತಿಕ್ಕಿದ ಹಾಗೇ. ಪಾಲಿಷ್‌ಗೆ 2,500 ಹೋಯಿತು. ಆ ಮನುಷ್ಯನ ತಪ್ಪು ಅಂತ ನಾನು ಈಗಲೂ ಹೇಳುವುದಿಲ್ಲ. ಹೇಳಿಕೊಡದೆ ಬಿಟ್ಟು ಹೋದದ್ದು ನಾನು.

ಇನ್ನೊಂದು ಕಷ್ಟ ನಮ್ಮ ಜಿಲ್ಲೆಯದ್ದೇ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ನಾಕಾದಲ್ಲಿ ಜನ ಸಿಗುವುದಿಲ್ಲ, ಸಿಕ್ಕರೂ ಕೂಲಿ ಜಾಸ್ತಿ ಕೇಳುತ್ತಾರೆ. ತೊಗರಿ ಮಾರಿ ಕೈಗೆ ರೊಕ್ಕ ಬಂದ ಮೇಲೆ ರೈತರು ಗಾಡಿ ನೋಡೋಕೆ ಬರುವುದೂ ಅದೇ ಹೊತ್ತಿಗೆ. ಗಿರಾಕಿ ಇದ್ದಾಗ ಆಳಿಲ್ಲ, ಆಳಿದ್ದಾಗ ಗಿರಾಕಿ ಇಲ್ಲ.

ಗಾಡಿ ಲೆಕ್ಕ

ಆಮೇಲೆ ಒಬ್ಬ ಹುಡುಗ ತಾನೇ ಬಂದ. ಮೊದಲು ವಾಟರ್ ವಾಶ್ ಸೆಂಟರ್‌ನಲ್ಲಿ ಇದ್ದವನು. "ಅಣ್ಣಾ, ಗಾಡಿಗೆ ಐವತ್ತು ಕೊಡ್ರಿ, ಪಗಾರ ಬ್ಯಾಡ" ಅಂದ. ಒಂದೊಂದು ಗಾಡಿಯನ್ನೂ ದಿನ ಬಿಟ್ಟು ದಿನ ತೊಳೆದರೂ ತಿಂಗಳಿಗೆ 260 ಗಾಡಿ, 13,000 ರೂಪಾಯಿ. ಅಗ್ಗ ಅನ್ನಿಸಿತು.

ಕೈ ಬಹಳ ಚುರುಕು. ಎಂಟೂವರೆಗೆ ಹನ್ನೆರಡು ಗಾಡಿ ಥಳಥಳ ಅನ್ನುತ್ತಿದ್ದವು. ಶಾಂಪೂ ಯಾವುದು, ಬಟ್ಟೆ ತೊಳೆಯುವ ಪುಡಿ ಯಾಕೆ ಹಾಕಬಾರದು ಎಲ್ಲ ಗೊತ್ತಿತ್ತು. ದಿನಗೂಲಿಯವರಿಗಿಂತ ತೊಳೆತ ನೂರು ಪಾಲು ಮೇಲು. ಆದರೆ ಎರಡನೇ ತಿಂಗಳು ಲೆಕ್ಕ 340 ಗಾಡಿಗೆ ಬಂತು, 17,000 ಆಯಿತು. ನಿನ್ನೆ ತೊಳೆದ ಗಾಡಿಯನ್ನು ಇವತ್ತೂ ತೊಳೆಯುತ್ತಿದ್ದ. ಹತ್ತಿರದ್ದು, ಸಣ್ಣದ್ದು, ನೆರಳಲ್ಲಿದ್ದದ್ದು ಮೊದಲು. ಹಿಂದಿನ ಸಾಲಿನ ದೊಡ್ಡ ಎಸ್‌ಯುವಿ ಧೂಳಲ್ಲೇ ನಿಂತಿತ್ತು. ನೀರಿನ ಟ್ಯಾಂಕರ್ ಬೇರೆ ಎರಡು ಜಾಸ್ತಿ ತರಿಸಬೇಕಾಯಿತು.

ಮಳೆಗಾಲದಲ್ಲಿ ಪೂರ್ತಿ ಗೊತ್ತಾಯಿತು. ಜೇವರ್ಗಿ ಕಡೆಯಿಂದ ಬಂದ ಗಾಡಿಯ ಚಕ್ರದ ಮೇಲಿನ ಕಮಾನಿನಲ್ಲಿ ಎರೆ ಮಣ್ಣು ಅಂಟಿ ಕಲ್ಲಾಗಿತ್ತು. ಹೊರಗೆ ಹೊಳೆಯುತ್ತಿದೆ, ಒಳಗೆ ಕೈ ಹಾಕಿದರೆ ಹಿಡಿ ಹಿಡಿ ಮಣ್ಣು. ಗಿರಾಕಿಯ ಜೊತೆ ಬಂದ ಗಾಡಿ ಮೆಕ್ಯಾನಿಕ್ ಅಲ್ಲೇ ಕೈ ಹಾಕಿದರು. ಬಾಗಿಲಿನ ಅಂಚು, ಡಿಕ್ಕಿಯ ರಬ್ಬರ್, ಪೆಟ್ರೋಲ್ ಮುಚ್ಚಳದ ಸುತ್ತ, ಎಲ್ಲಾ ಕಡೆ ಅದೇ ಕಥೆ. ಹುಡುಗನಿಗೆ ಬೈಯಲು ಮನಸ್ಸಾಗಲಿಲ್ಲ. ಒಂದು ಗಾಡಿಯ ಚಕ್ರಕ್ಕೆ ಅರ್ಧ ಗಂಟೆ ಕೂತರೆ ಅವನಿಗೆ ನೂರು ರೂಪಾಯಿ ನಷ್ಟ. ಬ್ಯಾಟರಿ, ಗಾಳಿ ನೋಡೋದಕ್ಕಂತೂ ರೇಟೇ ಇರಲಿಲ್ಲ. ಆ ಎರಡು ತಿಂಗಳಲ್ಲಿ ಮೂರು ಬ್ಯಾಟರಿ ಇಳಿದವು.

ಗಾಡಿ ಲೆಕ್ಕ ಕೆಟ್ಟದ್ದು ಅಂತಲ್ಲ. ವರ್ಕ್‌ಶಾಪ್ ಇಟ್ಟವರಿಗೆ, ಸರ್ವಿಸ್ ಮುಗಿದ ಗಾಡಿ ತೊಳೆದು ಅವತ್ತೇ ಕೊಡುವವರಿಗೆ ಅದೇ ಸರಿ. ನಿಲ್ಲಿಸಿ ಮಾರುವ ನಮ್ಮಂಥವರಿಗೆ ಆಗಿಬರುವುದಿಲ್ಲ.

ಏಜೆನ್ಸಿ

ಇದನ್ನು ಬೇಗ ಮುಗಿಸುತ್ತೇನೆ. ಒಂದು ಏಜೆನ್ಸಿಯಿಂದ ನಾಲ್ಕು ತಿಂಗಳು ಜನ ತೆಗೆದುಕೊಂಡೆವು. ಒಬ್ಬ ಬಾರದಿದ್ದರೆ ಇನ್ನೊಬ್ಬ ಬರುತ್ತಾನೆ, ಪಿಎಫ್, ಇಎಸ್ಐ (ಕೆಲಸಗಾರರ ಆರೋಗ್ಯ ವಿಮೆ) ಎಲ್ಲ ಅವರೇ ಕಟ್ಟುತ್ತಾರೆ ಅಂದರು. ತಿಂಗಳ ಬಿಲ್ ಸುಮಾರು 20,400. ಅದರಲ್ಲಿ ಪಿಎಫ್‌ಗೆ ಎರಡೂ ಕಡೆಯ ಶೇ 12, ಇಎಸ್ಐಗೆ ಹುಡುಗನ ಶೇ 0.75, ಮಾಲೀಕರ ಕಡೆಯ ಶೇ 3.25, ಏಜೆನ್ಸಿಯ ಕಮಿಷನ್, ಎಲ್ಲದರ ಮೇಲೆ ಶೇ 18 ಜಿಎಸ್‌ಟಿ. ಹುಡುಗನ ಕೈಗೆ ಸೇರುತ್ತಿದ್ದದ್ದು 12,000 ಚಿಲ್ಲರೆ. ಒಂದು ದಿನ ಅವನೇ ಕೇಳಿದ, "ನನ್ನ ಸಲುವಾಗಿ ನೀವು ಎಷ್ಟು ಕೊಡ್ತೀರಿ ಅಣ್ಣಾ?" ಹೇಳಿದೆ. ಸುಮ್ನೆ ನೆಲ ನೋಡುತ್ತಾ ನಿಂತ. ಇಎಸ್ಐ ನಂಬರ್ ಎಷ್ಟು ಅಂತ ಕೇಳಿದರೆ ಅವನಿಗೆ ಗೊತ್ತಿರಲಿಲ್ಲ, ಯಾರೂ ಕೊಟ್ಟಿರಲಿಲ್ಲ. ಆಸ್ಪತ್ರೆಗೆ ಹೋಗಬೇಕಾದರೆ ಆ ಕಟ್ಟಿದ ದುಡ್ಡು ಅವನಿಗೆ ಹೇಗೆ ಉಪಯೋಗ ಆಗಬೇಕು? ಇದು ನನಗೆ ಇವತ್ತಿಗೂ ಬೇಜಾರು.

ಆಮೇಲೆ ಬದಲಿಗೆ ಬಂದ ಇನ್ನೊಬ್ಬ ಗಾಡಿ ಸರಿಸಲು ಹೋಗಿ ಕಂಬಕ್ಕೆ ಉಜ್ಜಿದ. ಲೈಸೆನ್ಸ್ ಇರಲಿಲ್ಲ. ಇನ್ಶೂರೆನ್ಸ್‌ನಲ್ಲಿ ಕೇಳಿದರೆ ಮೊದಲು ಬೇಡುವುದೇ ಓಡಿಸಿದವರ ಲೈಸೆನ್ಸ್. ಅದೇ ರಸ್ತೆಯ ಮೇಲೆ ಆಗಿದ್ದರೆ, ಲೈಸೆನ್ಸ್ ಇಲ್ಲದವನ ಕೈಗೆ ಗಾಡಿ ಕೊಟ್ಟದ್ದಕ್ಕೆ ನಮ್ಮ ಮೇಲೂ ದಂಡ, 5,000 ರೂಪಾಯಿವರೆಗೆ. ಅವತ್ತಿನಿಂದ ನಮ್ಮಲ್ಲಿ ಒಂದೇ ನಿಯಮ. ಲೈಸೆನ್ಸ್ ನೋಡದೆ ಕೀಲಿಕೈ ಇಲ್ಲ, ಗಾಡಿ ಹತ್ತು ಅಡಿ ಸರಿಸೋದಿದ್ದರೂ ಅಷ್ಟೇ.

ಹತ್ತು ಜನಕ್ಕಿಂತ ಹೆಚ್ಚು ಕೆಲಸಗಾರರಿರುವ ದೊಡ್ಡ ಶೋರೂಂಗಳಿಗೆ ಏಜೆನ್ಸಿ ಬೇಕಾಗಬಹುದು. ಆದರೆ ಒಪ್ಪಂದ ಮಾಡುವ ಮೊದಲು ಕೆಲಸದವರ ಕೈಗೆ ಎಷ್ಟು ಹೋಗುತ್ತದೆ, ಪಿಎಫ್ ಕಟ್ಟಿದ ಚಲನ್ ಪ್ರತಿ ತಿಂಗಳು ತೋರಿಸುತ್ತಾರಾ, ಇವೆರಡನ್ನು ಕೇಳಲೇಬೇಕು.

ತಿಂಗಳ ಪಗಾರ

ಕೊನೆಗೆ ನಾವೇ ಆರಿಸಿ ನಾವೇ ಪಗಾರ ಕೊಡುವುದು ಅಂತಾಯಿತು. ಇದರಲ್ಲಿ ಇಬ್ಬರನ್ನು ನೋಡಿದ್ದೇವೆ.

ಮೊದಲು ಬಂದವನಿಗೆ 21 ವಯಸ್ಸು, ಲೈಸೆನ್ಸ್ ಇತ್ತು, ಪಗಾರ 14,000. ಮುಂಜಾನೆ ಹದಿನಾಲ್ಕು ಗಾಡಿ ತೊಳೆಯುತ್ತಿದ್ದ. ಮೊಬೈಲಲ್ಲಿ ಗಾಡಿಯ ಫೋಟೋ ಚೆನ್ನಾಗಿ ತೆಗೆಯುತ್ತಿದ್ದ. ಐದು ತಿಂಗಳಿಗೆ ಹೈದರಾಬಾದ್‌ಗೆ ಹೋದ. ಅಲ್ಲಿ ಡ್ರೈವರ್ ಕೆಲಸ, ಪಗಾರ ಜಾಸ್ತಿ. ಹೋಗಬೇಕಾದದ್ದೇ, ನಾನು ಅವನ ಜಾಗದಲ್ಲಿದ್ದರೂ ಹೋಗುತ್ತಿದ್ದೆ. ಕಲಿಸಿದ ಐದು ತಿಂಗಳು ಮಾತ್ರ ನಮ್ಮ ಲೆಕ್ಕಕ್ಕೆ ಬರಲಿಲ್ಲ.

ಎರಡನೆಯವರು ಕಾಕಾ. ವಯಸ್ಸು ಐವತ್ತರ ಮೇಲೆ. ಲಾರಿ ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ವರ್ಷಗಟ್ಟಲೆ ಶಹಾಬಾದ್ ಫರ್ಸಿ (ನೆಲಹಾಸಿನ) ಕಲ್ಲು ಸಾಗಿಸಿದವರು. ರಾತ್ರಿ ಕಣ್ಣು ಸರಿ ಕಾಣದ್ದಕ್ಕೆ ದೂರದ ಓಡಾಟ ಬಿಟ್ಟಿದ್ದರು. ನಾವು ಯಾರನ್ನೇ ಆಗಲಿ ಮೊದಲು ಅರ್ಧ ದಿನ 300 ರೂಪಾಯಿ ಕೊಟ್ಟು ಕೆಲಸ ಮಾಡಿಸಿ ನೋಡುತ್ತೇವೆ. ಒಂದು ಧೂಳು ಹಿಡಿದ ಬಿಳಿ ಗಾಡಿ, ಒಂದು ಕೆಸರಿನ ಗಾಡಿ ಕೊಡುತ್ತೇವೆ. ಅರಿವೆ ಮುಟ್ಟಿಸುವ ಮೊದಲು ನೀರು ಹಾಕುತ್ತಾರಾ, ಟಾಪಿನಿಂದ ಶುರು ಮಾಡುತ್ತಾರಾ, ಚಕ್ರಕ್ಕೂ ಬಾಡಿಗೂ ಬೇರೆ ಅರಿವೆ ತೆಗೆದುಕೊಳ್ಳುತ್ತಾರಾ, ಕೆಲಸ ಮುಗಿದ ಮೇಲೆ ಕೀಲಿಕೈ ಎಲ್ಲಿ ಇಡುತ್ತಾರೆ, ಇಷ್ಟೇ ನೋಡುವುದು.

ಕಾಕಾ ಬಕೆಟ್ ಮುಟ್ಟಲೇ ಇಲ್ಲ. ಮೊದಲು ಒಂದು ಪಾನಾ (ಸ್ಪ್ಯಾನರ್) ಕೇಳಿದರು. ಅದನ್ನು ಹಿಡಿದು ಸಾಲಿನಲ್ಲಿದ್ದ ಒಂದೊಂದೇ ಗಾಡಿಯ ಟೈರ್ ತಟ್ಟುತ್ತಾ ಹೋದರು, ಲಾರಿಯಲ್ಲಿ ಮಾಡುತ್ತಿದ್ದ ಹಾಗೆ. ಏಳನೇ ಗಾಡಿಯ ಹತ್ತಿರ ನಿಂತರು. ಇನ್ನೊಂದು ಸಲ ತಟ್ಟಿದರು, ಕಿವಿ ಬಗ್ಗಿಸಿದರು. "ಇದರಾಗ ಗಾಳಿ ಇಲ್ಲ ನೋಡ್ರಿ." ಗೇಜ್ ಹಚ್ಚಿದರೆ 32 ಇರಬೇಕಾದಲ್ಲಿ 18. ಒಳಗೊಂದು ಮೊಳೆ ಸೇರಿಕೊಂಡಿತ್ತು. ತಮ್ಮ ನನ್ನ ಮುಖ ನೋಡಿದ. ನಮಗೆ ಬೇಕಾದವರು ಸಿಕ್ಕಿದ್ದರು.

ಈಗ ಅವರ ಪಗಾರ 15,500, ದೀಪಾವಳಿಗೆ ಬೋನಸ್ ಬೇರೆ. ಬೆಳಿಗ್ಗೆ ಆರರಿಂದ ಹತ್ತೂವರೆ, ಸಂಜೆ ನಾಲ್ಕೂವರೆಯಿಂದ ಏಳು. ನಡುವೆ ಬಿಸಿಲಲ್ಲಿ ಕೆಲಸ ಇಲ್ಲ. ವಾರಕ್ಕೆ ಒಂದು ದಿನ ಸೂಟಿ. ನಾವು ಹತ್ತು ಜನ ಇಲ್ಲದ್ದಕ್ಕೆ ಇಎಸ್ಐ ಬರುವುದಿಲ್ಲ, ಹಾಗಾಗಿ ಅವರ ಬ್ಯಾಂಕ್ ಖಾತೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ, ಅಪಘಾತದಲ್ಲಿ ಜೀವ ಹೋದರೆ ಅಥವಾ ಕಾಯಂ ಅಂಗವೈಕಲ್ಯ ಆದರೆ 2 ಲಕ್ಷದವರೆಗೆ ಸಿಗುತ್ತದೆ. ಇದನ್ನು ಯಾರೇ ಕೆಲಸಕ್ಕೆ ಬಂದರೂ ಮೊದಲ ವಾರದಲ್ಲೇ ಮಾಡಿಸಿ.

ಕೊರತೆಯೂ ಹೇಳಬೇಕು. ಕಾಕಾ ಮುಂಜಾನೆ ತೊಳೆಯುವುದು ಎಂಟು ಗಾಡಿ, ಆ ಹುಡುಗನಿಗಿಂತ ಆರು ಕಡಿಮೆ. ಮೊಣಕಾಲು ನೋವು, ಚಕ್ರದ ಹತ್ತಿರ ಕೂರಲು ಆಗುತ್ತಿರಲಿಲ್ಲ, ಅದಕ್ಕೆ ಒಂದು ಗಿಡ್ಡ ಸ್ಟೂಲ್ ತಂದುಕೊಟ್ಟೆವು. ಮೊಬೈಲ್ ಕೆಲಸ ಅವರಿಗೆ ಬರುವುದಿಲ್ಲ. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರುವ ಡೀಲರ್‌ಗಳು, ಗಾಡಿ ಯಾಕೆ ಹೊರಗೆ ಹೋಯಿತು, ಯಾರು ಓಡಿಸಿದರು, ಎಷ್ಟು ಕಿಲೋಮೀಟರ್ ಅಂತ ಕಂಪ್ಯೂಟರಿನಲ್ಲಿ ದಾಖಲೆ ಇಡಬೇಕೆಂಬ ನಿಯಮ ಬಂದಿದೆ. ಅದನ್ನು ತಮ್ಮನೇ ನೋಡುತ್ತಾನೆ. ಕಾಕಾ ಮೀಟರ್ ಓದಿ ಚೀಟಿಯಲ್ಲಿ ಬರೆದು ಕೊಡುತ್ತಾರೆ. ಇನ್ನು ಮಿರಗದ ಮಳೆ ಬಿದ್ದರೆ ಬಿತ್ತನೆಗೆ ನಾಲ್ಕು ದಿನ, ತೊಗರಿ ರಾಶಿಗೆ ನಾಲ್ಕು ದಿನ, ಶರಣಬಸವೇಶ್ವರ ಜಾತ್ರೆಗೆ ಒಂದು ದಿನ ಬರುವುದಿಲ್ಲ. ಆದರೆ ಹದಿನೈದು ದಿನ ಮೊದಲೇ ಹೇಳುತ್ತಾರೆ. ನಾಕಾದಿಂದ ಬರುವವರು ಹಾಗೆ ಹೇಳುತ್ತಿರಲಿಲ್ಲ, ಏಜೆನ್ಸಿಯವರಂತೂ ಹೇಳಲೇ ಇಲ್ಲ.

ಅವರು ಬಂದ ಹದಿನಾಲ್ಕು ತಿಂಗಳಲ್ಲಿ ಇಳಿದದ್ದು ಒಂದೇ ಬ್ಯಾಟರಿ, ಅದೂ ಹಳೆಯದು. ಪಾಲಿಷ್‌ಗೆ ಅಂತ ಗಾಡಿ ಹೊರಗೆ ಕಳಿಸಿದ್ದು ಎರಡೇ ಸಲ. ಟ್ಯಾಂಕರ್ ವಾರಕ್ಕೆ ಒಂದು ಸಾಕಾಗುತ್ತದೆ, ಯಾಕಂದ್ರೆ ಯಾವ ಗಾಡಿಗೆ ಪೂರ್ತಿ ನೀರು, ಯಾವುದಕ್ಕೆ ಒದ್ದೆ ಅರಿವೆ ಸಾಕು ಅಂತ ಅವರೇ ನೋಡಿ ಹೇಳುತ್ತಾರೆ. ತಿಂಗಳ ಪಗಾರ ದಿನಗೂಲಿಗಿಂತ ನೂರು ರೂಪಾಯಿ ಕಡಿಮೆಯೇ ಬೀಳುತ್ತದೆ. ಬರುವ ಯುಗಾದಿಗೆ ಅದನ್ನು 17,000 ಮಾಡುವುದು ಅಂತ ಈಗಾಗಲೇ ಮಾತಾಗಿದೆ.

ತೊಗರಿ ಸೀಸನ್‌ಗೆ ಇನ್ನೊಬ್ಬರು ಬೇಕು. ಈ ಸಲ ಅರ್ಧ ದಿನದ ಪರೀಕ್ಷೆ ನಾವು ಮಾಡುವುದಿಲ್ಲ, ಕಾಕಾನೇ ಮಾಡುತ್ತಾರೆ. ಹೋದ ವಾರ ಇಬ್ಬರು ಬಂದಿದ್ದರು. ಕಾಕಾ ಸ್ಟೂಲ್ ಮೇಲೆ ಕೂತು ಏನೂ ಮಾತಾಡದೆ ನೋಡಿದರು. ಒಬ್ಬ ಬೇಗ ಮುಗಿಸಿದ. ಇನ್ನೊಬ್ಬ ಚಕ್ರ ಒರೆಸಿದ ಅರಿವೆಯನ್ನು ಬೇರೆ ಬಕೆಟ್‌ನಲ್ಲಿ ಹಿಂಡಿ, ತಂತಿಯ ಮೇಲೆ ಬೇರೆಯಾಗಿ ಹರವಿದ. ಅವನು ಸೋಮವಾರದಿಂದ ಬರುತ್ತಾನೆ.