ಮಾಮೂಲ್‌ಪೇಟೆಯ ತೂಕದ ಉಲ್ಲನ್ ತಗೊಳ್ಳಬಹುದಾ?

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಉಳಿಕೆ ಉಲ್ಲನ್ ದಾರವನ್ನು ತೂಕಕ್ಕೆ ಮಾರುವ ಸಣ್ಣ ಅಂಗಡಿಯೊಂದಿದೆ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆದೇ ಹೋಗಬಹುದು. ಹೊಸ ಉಂಡೆಗಿಂತ ಎಷ್ಟೋ ಅಗ್ಗ, ಬಣ್ಣಗಳಂತೂ ಬೇಕಾದಷ್ಟಿವೆ.

ಆದರೆ ಯಾವುದಕ್ಕೂ ಲೇಬಲ್ ಇಲ್ಲ. ‘ಪ್ಯೂರ್ ಉಲ್ಲನ್ ಮೇಡಂ’ ಅಂದರು ಅಂಗಡಿಯವರು, ಮನೆಗೆ ಬಂದು ಒಂದು ತುಂಡು ಸುಟ್ಟು ನೋಡಿದರೆ ಕರಗಿ ಗಟ್ಟಿ ಕರಿ ಮಣಿಯಾಯಿತು, ಅಂದ್ರೆ ಅಕ್ರಿಲಿಕ್ ಅನ್ನೋ ಕೃತಕ ದಾರ. ನಿಜವಾದ ಉಣ್ಣೆಯಾಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತಿತ್ತು, ಬೂದಿ ಬೆರಳಲ್ಲೇ ಪುಡಿಯಾಗುತ್ತಿತ್ತು. ಅಕ್ರಿಲಿಕ್ ಅಂತ ಹೇಳಿದ್ದರೂ ತಗೊಳ್ತಿದ್ದೆ, ಸುಮ್ನೆ ಸುಳ್ಳು ಯಾಕೆ?

ಕೆಲವು ಹಳೇ ಸ್ವೆಟರ್ ಬಿಚ್ಚಿದ ದಾರ, ನೂಡಲ್ಸ್ ತರ ಸುರುಳಿ ಸುರುಳಿ. ಕುರ್ಚಿ ಬೆನ್ನಿಗೆ ಸುತ್ತಿ ಲಡಿ ಮಾಡಿ, ಅಲ್ಲಲ್ಲಿ ಸಡಿಲವಾಗಿ ಕಟ್ಟಿ, ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ತಿರುಚಿ ಹಿಂಡದೆ ನೆರಳಲ್ಲಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಕೆಂಪು ಮಾತ್ರ ಬೇರೆಯಾಗಿ ನೆನೆಸಿ, ನನ್ನದು ಚೆನ್ನಾಗೇ ಬಣ್ಣ ಬಿಟ್ಟಿತು.

ಪೂರ್ತಿ ಸ್ವೆಟರಿಗೆ ಸಾಕಾಗುವಷ್ಟು ಒಂದೇ ಬಣ್ಣ ಸಿಗೋದು ಕಷ್ಟ. ಬಾಗಿಲ ತೋರಣ, ಗ್ರಾನಿ ಸ್ಕ್ವೇರ್ (ಕ್ರೋಶಾದಲ್ಲಿ ಹೆಣೆಯುವ ಚೌಕ), ಕುಶನ್ ಕವರ್‌ಗೆ ಧಾರಾಳವಾಗಿ ತಗೊಳ್ಳಿ. ಗಂಟು ಜಾಸ್ತಿ ಇದ್ದರೆ ಅಲ್ಲೇ ಚೌಕಾಸಿ ಮಾಡಿ, ಕಡಿಮೆ ಮಾಡ್ತಾರೆ.