ತೂಕದ ಕಟ್ಟಿಗೆ, ಲೋಡ್ ಕಟ್ಟಿಗೆ, ಹೊರೆ ಕಟ್ಟಿಗೆ: ಬಚ್ಚಲ ಒಲೆಗೆ ಯಾವುದು ಲಾಭ?

ನಮ್ಮ ಮನೆಯಲ್ಲಿ ಅಡುಗೆ ಗ್ಯಾಸ್ ಮೇಲೆಯೇ. ಆದರೆ ಸ್ನಾನದ ನೀರು ಕಾಯೋದು ಇವತ್ತಿಗೂ ಹಂಡೆಯಲ್ಲಿ. ದೀಪಾವಳಿ ಮುಗಿದು ಚಳಿ ಬಿತ್ತು ಅಂದರೆ ಶಿವರಾತ್ರಿವರೆಗೆ ಬಚ್ಚಲ ಒಲೆ ಒಂದು ದಿನವೂ ತಣ್ಣಗಿರುವುದಿಲ್ಲ. ಗಂಗಾವತಿಯಲ್ಲಿ ಕಟ್ಟಿಗೆಯನ್ನು ಅಡ್ಡೆಯಲ್ಲಿ ಕ್ವಿಂಟಲ್ ಲೆಕ್ಕದಲ್ಲಿ ತರಬಹುದು, ಟ್ರ್ಯಾಕ್ಟರ್ ಲೋಡ್ ಹಾಕಿಸಬಹುದು, ಇಲ್ಲವೇ ಬಾಗಿಲಿಗೆ ಬರುವ ಹೊರೆ ಕೊಳ್ಳಬಹುದು. ಮೂರನ್ನೂ ಕೊಂಡು, ತೂಗಿ, ಉರಿಸಿ ನೋಡಿದ್ದೇನೆ. ನನ್ನ ಪ್ರಕಾರ ಬೇಸಿಗೆಯಲ್ಲಿ ಕೊಂಡ ಲೋಡೇ ಲಾಭ. ಆದರೆ ಅದನ್ನು ತೂಗಿಸಿ, ಒಟ್ಟಿ, ಅಳೆದು ನೋಡಬೇಕು.

ಮೊದಲು ಅಡ್ಡೆಯ ಮಾತು. ತಕ್ಕಡಿ ಕಣ್ಣೆದುರಿಗೇ ಇರುತ್ತದೆ, ಅದರ ಮೇಲೆ ಕಾನೂನು ಮಾಪನ ಇಲಾಖೆಯ ಮುದ್ರೆಯೂ ಇರುತ್ತದೆ, ಇನ್ನೇನು ಅಂತ ನಂಬಿಕೆ ಬರುತ್ತದೆ. ತಕ್ಕಡಿ ಸರಿಯಾಗಿಯೇ ಇರಬಹುದು. ಆದರೆ ಅದು ಕಟ್ಟಿಗೆ ಎಷ್ಟು, ನೀರು ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ ಅಲ್ವಾ? ಮಳೆಗಾಲ ಮುಗಿಯುವ ಹೊತ್ತಿಗೆ ತಂದ ಕಟ್ಟಿಗೆಯಲ್ಲಿ ಒಂದು ಜಾಲಿ ತುಂಡನ್ನು ಬೇರೆ ಇಟ್ಟೆ. ಮೇಲೆ ಸೀಮೆಸುಣ್ಣದಲ್ಲಿ ತೂಕ ಬರೆದೆ: 3 ಕಿಲೋ 200 ಗ್ರಾಂ. ಮಾಳಿಗೆ ಮೇಲೆ ಬಿಸಿಲು, ಗಾಳಿ ಎರಡೂ ಬೀಳುವ ಕಡೆ ಇಟ್ಟು, ಆಗಾಗ ತೂಗುತ್ತಾ ಬಂದೆ. ತೂಕ ಇಳಿಯುತ್ತಾ ಇಳಿಯುತ್ತಾ 2 ಕಿಲೋ 100 ಗ್ರಾಮಿಗೆ ಬಂದು ನಿಂತಿತು. ತುದಿಗಳಲ್ಲಿ ನಕ್ಷತ್ರದಂತೆ ಬಿರುಕು ಬಿಟ್ಟಿತ್ತು. ತೊಗಟೆ ಬೆರಳಿನಿಂದ ಎಳೆದರೆ ಕಿತ್ತು ಬರುತ್ತಿತ್ತು. ಅಂದರೆ ನಾನು ದುಡ್ಡು ಕೊಟ್ಟ ತೂಕದಲ್ಲಿ ಮೂರನೇ ಒಂದು ಪಾಲು ಬರೀ ನೀರು.

ಇದನ್ನು ರೂಪಾಯಿ ಲೆಕ್ಕದಲ್ಲಿ ನೋಡಿ. ಹಸಿ ಕಟ್ಟಿಗೆ ಕ್ವಿಂಟಲ್‌ಗೆ 600 ಅಂತಿಟ್ಟುಕೊಳ್ಳೋಣ. ಒಣಗಿದ ಮೇಲೆ ಉಳಿಯುವುದು 66 ಕಿಲೋ. ಕಿಲೋಗೆ 9 ರೂಪಾಯಿ ದಾಟಿತು. ಪಕ್ಕದ ಅಡ್ಡೆಯವರು ಒಣ ಕಟ್ಟಿಗೆಗೆ 800 ಹೇಳಿದರೂ ಕಿಲೋಗೆ 8 ರೂಪಾಯಿಯೇ ಆಯಿತು. ಜಾಸ್ತಿ ರೇಟು ಹೇಳಿದವರ ಕಟ್ಟಿಗೆಯೇ ಅಗ್ಗ! ಹಸಿಯದ್ದನ್ನು ಹಾಗೇ ಉರಿಸಿದರೆ ನಷ್ಟ ಇನ್ನೂ ದೊಡ್ಡದು. ನೀರನ್ನು ಕುದಿಯೋ ತನಕ ಕಾಯಿಸಲು ಬೇಕಾಗುವ ಶಾಖದ ಹೆಚ್ಚು ಕಡಿಮೆ ಏಳು ಪಟ್ಟು, ಅದೇ ನೀರನ್ನು ಆವಿ ಮಾಡಲು ಬೇಕು. ಕಟ್ಟಿಗೆಯೊಳಗಿನ ನೀರು ಆವಿಯಾಗಿ ಹೋಗಲಿಕ್ಕೇ ಅಷ್ಟು ಉರಿ ಖರ್ಚಾದರೆ ಹಂಡೆಗೆ ಏನು ಉಳಿಯುತ್ತದೆ? ಹೊಗೆ ಮಾತ್ರ ಬಚ್ಚಲ ತುಂಬಾ.

ಹಾಗಾಗಿ ಅಡ್ಡೆಗೆ ಹೋದರೆ ರೇಟು ಕೇಳುವ ಮೊದಲು ಎರಡು ತುಂಡು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದರೆ ಟಣ್ ಅನ್ನುತ್ತದೆ, ಹಸಿ ಇದ್ದರೆ ಡಬ್ ಅನ್ನುತ್ತದೆ. ರಾಶಿಯ ಮೇಲಿನದ್ದನ್ನಲ್ಲ, ಒಳಗಿನದ್ದನ್ನು ಎಳೆದು ಬಡಿಯಬೇಕು. ನಾನು ಹೀಗೆ ಎಳೆಯುವುದನ್ನು ನೋಡಿ ಅಡ್ಡೆಯ ಹಮಾಲಿ ಹಿರಿಯರೊಬ್ಬರು ತಾವೇ ಹೇಳಿದರು: "ಅಕ್ಕಾರ, ಮ್ಯಾಲಿಂದು ಬಿಸಲಿಗೆ ಒಣಗಿರ್ತೈತ್ರಿ. ಸೀಳಿಸಿ ನೋಡ್ರಿ, ಒಳಗಿಂದು ಗೊತ್ತಾಗ್ತೈತಿ." ಒಂದು ತುಂಡು ಸೀಳಿಸಿ, ಒಳಭಾಗಕ್ಕೆ ಅಂಗೈ ಇಟ್ಟು ನೋಡಿದೆ. ತಣ್ಣಗೆ ತಾಕಿತು, ಅಂದರೆ ಒಳಗೆ ಇನ್ನೂ ಹಸಿ. ಅದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ಲೋಡ್. ಕನಕಗಿರಿ ಕಡೆಯ ಒಣ ಹೊಲಗಳಲ್ಲಿ ಬದು, ಹಳ್ಳ ಎಲ್ಲ ಬಳ್ಳಾರಿ ಜಾಲಿಯೇ. ಹೊಲ ಹಸನು ಮಾಡಿಸುವವರು ಅದನ್ನು ಕಡಿಸಿ ಟ್ರೇಲರ್ ತುಂಬಿ ಕಳಿಸುತ್ತಾರೆ. ಹೊಲಕ್ಕೆ ಇದರಂಥ ಕಾಟ ಇಲ್ಲ, ಒಲೆಗೆ ಇದರಂಥ ಕಟ್ಟಿಗೆ ಇಲ್ಲ. ಗಟ್ಟಿ ಮರ, ನಿಧಾನ ಉರಿಯುತ್ತದೆ, ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಮೊದಲು ಎದ್ದವರ ಸ್ನಾನ ಮುಗಿದ ಮೇಲೆ ಹಂಡೆಗೆ ಮತ್ತೆ ನೀರು ಹಾಕಿದರೆ ಆ ಕೆಂಡದಲ್ಲೇ ಉಗುರುಬೆಚ್ಚಗಾಗುತ್ತದೆ.

ಲೋಡಿನ ತೊಂದರೆ ಬರೀ ನೀರಲ್ಲ, ಗಾಳಿಯೂ ಹೌದು. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರ್ ಅಂದರೆ 120 ಘನ ಅಡಿ. ಕೇಳಲು ಭಾರೀ ಅನ್ನಿಸುತ್ತದೆ. ಆದರೆ ಜಾಲಿ ಟೊಂಗೆ ಒಂದೂ ನೆಟ್ಟಗಿರುವುದಿಲ್ಲ. ಎಸೆದು ತುಂಬಿದರೆ ನಡುವೆ ಎಲ್ಲ ಸಂದಿಯೇ. ನಮ್ಮ ಮನೆಗೆ ಬಂದ ಲೋಡನ್ನು ಗೋಡೆಗುಂಟ ಒತ್ತೊತ್ತಾಗಿ ಒಟ್ಟಿಸಿ ಟೇಪು ಹಿಡಿದೆ: ಉದ್ದ 9 ಅಡಿ, ಎತ್ತರ 4, ಅಗಲ 2. ಬರೀ 72 ಘನ ಅಡಿ! ಹಾಗಂತ ಮಾರಿದವರು ಮೋಸ ಮಾಡಿದರು ಅನ್ನಲಾರೆ, ಡೊಂಕು ಕಟ್ಟಿಗೆಯ ಗುಣವೇ ಅದು. ಎಷ್ಟು ಚೆನ್ನಾಗಿ ಒಟ್ಟಿದರೂ ಆ 72ರಲ್ಲೂ ಅರ್ಧದ ಹತ್ತಿರ ಸಂದಿ ಉಳಿಯುತ್ತದೆ. ಅದಕ್ಕೇ "ಒಂದು ಲೋಡಿಗೆ ಎಷ್ಟು?" ಅನ್ನುವ ವ್ಯಾಪಾರಕ್ಕೆ ನಾನು ಒಪ್ಪುವುದಿಲ್ಲ. ನಮ್ಮೂರಲ್ಲಿ ರೈಸ್ ಮಿಲ್‌ಗಳಿರುವ ದಾರಿಯಲ್ಲೆಲ್ಲ ವೇ ಬ್ರಿಡ್ಜ್ ಇವೆ. ತುಂಬಿದ ಗಾಡಿಯನ್ನೊಮ್ಮೆ, ಇಳಿಸಿದ ಮೇಲೆ ಖಾಲಿ ಗಾಡಿಯನ್ನೊಮ್ಮೆ ತೂಗಿಸಿ ಎರಡೂ ಚೀಟಿ ಕೇಳಿ ಇಸಿದುಕೊಳ್ಳಿ. ನಮ್ಮದು 9 ಕ್ವಿಂಟಲ್ ಬಂತು. ಸೀಳುವ ಕೂಲಿ ಸೇರಿಸಿದರೂ ಅಡ್ಡೆಯ ರೇಟಿಗಿಂತ ಕಡಿಮೆಯೇ ಬಿತ್ತು.

ಹೊರೆ ಕಟ್ಟಿಗೆಗೆ ತೂಕವೂ ಇಲ್ಲ, ಅಳತೆಯೂ ಇಲ್ಲ. ಮನೆಯ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಸಾಮಾನ್ಯವಾಗಿ 20ರಿಂದ 25 ಕಿಲೋ ಇರುತ್ತದೆ. ತಲೆ ಮೇಲೆ ಹೊತ್ತು ಬರುವವರು ಹಸಿ ಕಟ್ಟಿಗೆ ತರುವುದು ಕಡಿಮೆ, ನೀರಿನ ಭಾರ ಅವರ ಕುತ್ತಿಗೆಗೇ ಬೀಳುತ್ತದಲ್ಲ. ತಾನಾಗಿ ಒಣಗಿ ಬಿದ್ದ ಪುಳ್ಳೆ, ಸಣ್ಣ ಟೊಂಗೆಗಳೇ ಹೆಚ್ಚು. ಕಡ್ಡಿ ಗೀರಿದರೆ ಹೊತ್ತಿಕೊಳ್ಳುತ್ತದೆ. ಕೆಂಡ ನಿಲ್ಲುವುದಿಲ್ಲ, ಆದ್ದರಿಂದ ಇದನ್ನೇ ನಂಬಿ ಹಂಡೆ ಕಾಯಿಸಲು ಆಗುವುದಿಲ್ಲ. ಉರಿ ಹಚ್ಚಲು ಮಾತ್ರ ಇದನ್ನು ಮೀರಿಸುವುದು ಇಲ್ಲ. ಆ ಹೊರೆ ತಂದ ಅವ್ವನ ಹತ್ತಿರ ಹತ್ತಿಪ್ಪತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ. ಎಷ್ಟು ದೂರದಿಂದ ನಡೆದು ಬಂದಿರುತ್ತಾರೋ!

ಹತ್ತಿ ಕಟ್ಟಿಗೆ ಪುಕ್ಕಟೆ ಸಿಗುತ್ತದೆ ಅಂತ ಕೆಲವರು ವರ್ಷಪೂರ್ತಿ ಒಟ್ಟಿಡುತ್ತಾರೆ. ಭರ್ರನೆ ಉರಿದು ಬೂದಿಯಾಗುತ್ತದೆ, ಒಲೆ ಮುಂದೆಯೇ ಕೂತಿರಬೇಕು. ಅದಕ್ಕಿಂತ ಮುಖ್ಯ, ಗುಲಾಬಿ ಕಾಯಿಕೊರಕದ ಹುಳು ಆ ಗಿಡಗಳಲ್ಲಿ ಉಳಿದ ಕಾಯಿಗಳಲ್ಲೇ ಅಡಗಿದ್ದು, ಪತಂಗವಾಗಿ ಮುಂದಿನ ಬೆಳೆಗೆ ಹಾರುತ್ತದೆ. ಹೊಲದ ಹತ್ತಿರ ಒಟ್ಟಲೇಬೇಡಿ.

ಲೋಡ್ ಹೇಳುವುದಿದ್ದರೆ ಹೋಳಿ ಹುಣ್ಣಿಮೆ ಆದ ಕೂಡಲೇ ಹೇಳಿ. ಆಗ ಕಡಿದದ್ದಕ್ಕೆ ಇಡೀ ಬೇಸಿಗೆಯ ಬಿಸಿಲು ಸಿಗುತ್ತದೆ. ತಂದ ತಕ್ಷಣ ಸೀಳಿಸಿಬಿಡಿ, ದಿಮ್ಮಿಯಾಗಿ ಬಿಟ್ಟರೆ ಒಳಗೆ ಒಣಗುವುದೇ ಇಲ್ಲ. ಕೆಳಗೆ ಕಲ್ಲಿಟ್ಟು ನೆಲದಿಂದ ಎತ್ತರಿಸಿ ಒಟ್ಟಿ, ಇಲ್ಲದಿದ್ದರೆ ಗೆದ್ದಲು ಬಿಡುವುದಿಲ್ಲ. ಮಿರಗದ ಮಳೆ ಬೀಳುವುದರೊಳಗೆ ಮೇಲೆ ತಗಡು ಹೊದಿಸಿ. ಪಕ್ಕಗಳನ್ನು ಮಾತ್ರ ತಾಡಪತ್ರಿಯಿಂದ ಮುಚ್ಚಬೇಡಿ, ಗಾಳಿ ಆಡಬೇಕು.